ಬೀದಿಯ ಹಕ್ಕು

2006-07ರಲ್ಲಿ ರಾಜ್ಯ ಸರಕಾರವು ಎಂಟನೇ ತರಗತಿಗೆ ಉಚಿತ ಸೈಕಲ್ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಸೈಕಲ್ ಕೊಟ್ಟವರು ಅದನ್ನು ತುಳಿಯಲು ಬೀದಿಯ ಅಂಚಿನಲ್ಲಿ ಒಂದು ಮಾರು ಜಾಗ ಕೊಡುವುದನ್ನು ಮಾತ್ರ ಮರೆತರು. ತ್ಯಾವಣಿಗೆಯಂತಹ ಭತ್ತ, ಅಡಿಕೆಯ ಊರುಗಳಲ್ಲಿ ಟ್ರ್ಯಾಕ್ಟರಿಗೂ ಬೈಕಿಗೂ ಮದ್ರಸಕ್ಕೆ ಹೊರಟ ಮಗುವಿಗೂ ಇರುವುದು ಒಂದೇ ದಾರಿ.

ಆದರೆ ಸರಕಾರವನ್ನಷ್ಟೇ ದೂರಿದರೆ ಸಾಲದು. ದಾರಿಯಿಂದ ಪೀಡಕ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ನಾವೋ, ಜುಮಾಕ್ಕೆ ಬಂದು ಬೈಕನ್ನು ನೆರೆಮನೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸುತ್ತೇವೆ. ಮದುವೆಯ ಶಾಮಿಯಾನಕ್ಕಾಗಿ ಬೀದಿಯನ್ನೇ ಅಗೆಯುತ್ತೇವೆ. ಹದಿನಾಲ್ಕರ ಹುಡುಗನ ಕೈಗೆ ಕೀಲಿ ಕೊಟ್ಟು ಹೆಮ್ಮೆಪಡುವ ತಂದೆಯರೂ ನಮ್ಮಲ್ಲಿದ್ದಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಂತಹ ಅಪರಾಧಕ್ಕೆ ಪೋಷಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂ. ದಂಡವಿದೆ. ಇದು ಎಷ್ಟು ಮಂದಿಗೆ ಗೊತ್ತು?

ಪಾದಚಾರಿಗಳೂ ಸೈಕಲ್ ಸವಾರರೂ ವಾಹನಗಳೊಂದಿಗೆ ಬೆರೆಯುವಲ್ಲಿ ವೇಗ ಗಂಟೆಗೆ 30 ಕಿ.ಮೀ. ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ಶಾಲೆ, ಮಸೀದಿ, ದೇವಸ್ಥಾನಗಳ ಬಳಿ ಈ ಮಿತಿಗಾಗಿ ಜಮಾಅತ್ ಸಮಿತಿಗಳು ಪಂಚಾಯತಿಗೆ ಮನವಿ ಸಲ್ಲಿಸಲಿ. ದೇವಸ್ಥಾನ ಸಮಿತಿಯವರನ್ನೂ ಜೊತೆಗೆ ಕರೆದೊಯ್ಯಲಿ. ಅದಕ್ಕೂ ಮುನ್ನ, ಬರುವ ಶುಕ್ರವಾರವೇ ಮಸೀದಿಯ ಮುಂದಿನ ಬೈಕುಗಳನ್ನು ಒಂದೇ ಬದಿಯಲ್ಲಿ ಸಾಲಾಗಿ ನಿಲ್ಲಿಸಲು ಇಬ್ಬರು ಯುವಕರನ್ನು ನೇಮಿಸಲಿ.