ಗಾಜಿನ ಮೇಲೊಂದು ಗಾಜು



ಈ ತಿಂಗಳು ನಾನು ಬರೆಯಲು ಹೊರಟಿರುವ ವಿಷಯವು ಬಹು ಚಿಕ್ಕದು. ಅದರ ದಪ್ಪ ಒಂದು ಮಿಲಿಮೀಟರಿನ ಮೂರರಲ್ಲೊಂದು ಪಾಲು. ಬೆಲೆ ನೂರು ರೂಪಾಯಿಯ ಆಸುಪಾಸು. ಇಷ್ಟು ಅಲ್ಪವಾದ ವಸ್ತುವಿಗೆ ಒಂದು ಲೇಖನವೇಕೆ, ಇದು ಕಾಗೆಯ ಹಲ್ಲನ್ನು ಎಣಿಸಹೊರಟಂತಾಯಿತಲ್ಲವೆ ಎಂದು ಕೆಲವರು ನಗಬಹುದು. ಆದರೆ ಈ ಅಲ್ಪ ವಸ್ತುವಿನ ದೆಸೆಯಿಂದಲೇ ನಮ್ಮ ಮನೆಯಲ್ಲಿ ಎಂಟು ವರ್ಷದ ಬಾಲಕನೊಬ್ಬನು ಒಂದು ರಾತ್ರಿ ಉಣ್ಣದೆ ಮಲಗಿದನು. ಅದಕ್ಕೆ ಕಾರಣನು ನಾನು. ಆದುದರಿಂದ ಈ ವಿಷಯವನ್ನು ಅಲ್ಪವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಕಳೆದ ಶ್ರಾವಣದಲ್ಲಿ ಕೊಳಾರದ ನಮ್ಮ ಮನೆಗೆ ಒಂದು ಹೊಸ ಸ್ಮಾರ್ಟ್‌ಫೋನು ಬಂದಿತು. ಮಗನು ಹೈದರಾಬಾದಿನಲ್ಲಿ ಕೆಲಸದಲ್ಲಿರುವನು; ಸೊಸೆಯೂ ಮೊಮ್ಮಗನೂ ನಮ್ಮೊಡನೆ ಇರುವರು. ಸಂಜೆ ದೀಪ ಹಚ್ಚಿದ ಮೇಲೆ ಮಗನ ಮುಖವನ್ನು ಆ ಗಾಜಿನಲ್ಲಿ ನೋಡುವುದೇ ನಮ್ಮ ಮನೆಯ ನಿತ್ಯವಿಧಿಯಾಗಿದೆ. ಯಂತ್ರವು ಕೈಗೆ ಬಂದ ದಿನವೇ ಸೊಸೆಯು, "ಮಾವನೋರೆ, ಇದಕ್ಕೊಂದು ಟೆಂಪರ್ ಗ್ಲಾಸ್ ಹಾಕಿಸಬೇಕ್ರಿ" ಎಂದಳು. ನಾನು ಒಪ್ಪಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಸಂಸ್ಕೃತ ಕಲಿಸಿದವನ ನಾಲಗೆ ಸುಮ್ಮನಿರುವುದುಂಟೆ? "ಈ ಗಾಜನ್ನು ಕಾಯಲು ಮತ್ತೊಂದು ಗಾಜು, ಹಾಗಾದರೆ ಆ ಗಾಜನ್ನು ಕಾಯಲು ಯಾವುದು? ಅದರ ಮೇಲೆ ಮತ್ತೊಂದೆ? ಇದನ್ನು ತರ್ಕಶಾಸ್ತ್ರದಲ್ಲಿ ಅನವಸ್ಥಾದೋಷವೆನ್ನುವರು. ಕೊನೆಯೇ ಇಲ್ಲದ ಸರಣಿ ಅದು" ಎಂದೆ. ಸೊಸೆಯು ಮರುಮಾತಾಡಲಿಲ್ಲ. ಗೆದ್ದೆನೆಂದು ನಾನು ಬೀಗಿದೆ. ಶಾಸ್ತ್ರದ ಹೆಸರು ಹೇಳಿ ಹೆಂಗಸರ ಬಾಯಿ ಮುಚ್ಚಿಸುವುದು ಗೆಲುವಲ್ಲವೆಂಬುದು ಆಗ ಹೊಳೆಯಲಿಲ್ಲ.

ಕಾರ್ತಿಕದ ಒಂದು ಸಂಜೆ ಮೊಮ್ಮಗನು ತಂದೆಯೊಡನೆ ಮಾತನಾಡುತ್ತ ಅಂಗಳಕ್ಕೆ ಓಡಿದನು. ಹೊಸ್ತಿಲು ಎಡವಿತು, ಯಂತ್ರವು ಶಹಾಬಾದಿನ ಫರಸಿಯ ಮೇಲೆ ಮೂಲೆಯೂರಿ ಬಿದ್ದಿತು. ಎತ್ತಿ ನೋಡಿದರೆ ಒಂದು ಮೂಲೆಯಿಂದ ಜೇಡರ ಬಲೆಯಂತೆ ಬಿರುಕು ಹಬ್ಬಿತ್ತು. ಆಗ ನಾನು ಆ ಮಗುವಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೈಯೆತ್ತಲಿಲ್ಲ, ಅಷ್ಟೆ. ಅವನು ಊಟಕ್ಕೆ ಬರಲಿಲ್ಲ. ಕರೆಯಲು ಹೋದ ಅಜ್ಜಿಗೆ, "ಆಯಿ, ಮುತ್ಯಾಗ ನನಗಿಂತ ಮೊಬೈಲೇ ದೊಡ್ಡದದ" ಎಂದನಂತೆ.

ಪಿಂಚಣಿ ಬರಲು ಇನ್ನೂ ಎಂಟು ದಿನವಿದ್ದುದರಿಂದ ಒಡೆದ ಯಂತ್ರವನ್ನೇ ಬಳಸಿದೆವು. ಮೂರನೆಯ ದಿನ ನಮ್ಮ ಮನೆಯವರ ಹೆಬ್ಬೆರಳಿಗೆ ಗಾಜಿನ ಚೂರೊಂದು ಹೊಕ್ಕಿತು. ಕಣ್ಣಿಗೆ ಕಾಣದಷ್ಟು ಸಣ್ಣದು. ರೊಟ್ಟಿ ಬಡಿಯುವ ಕೈಯನ್ನು ನಾಲ್ಕು ದಿನ ನೋಯಿಸಿತು. ಬಳಿಕ ಅಂಗಡಿಯಲ್ಲಿ ಹೊಸ ಗಾಜು ಕೂರಿಸಲು ೩,೮೦೦ ರೂಪಾಯಿ ಕೊಟ್ಟೆ. ಯಂತ್ರದ ಬೆಲೆಯೇ ೧೨,೦೦೦. ನೂರು ರೂಪಾಯಿ ಉಳಿಸಹೋದವನ ಲೆಕ್ಕವು ಹೀಗೆ ಮುಗಿಯಿತು.

ಇನ್ನು ಮೇಲಾದರೂ ವಿಷಯವನ್ನು ತಿಳಿದು ಮಾತನಾಡಬೇಕೆಂದು ಆ ಗಾಜಿನ ಗುಣವನ್ನು ವಿಚಾರಿಸತೊಡಗಿದೆ. ತಿಳಿದುದನ್ನು ಕ್ರಮವಾಗಿ ಹೇಳುತ್ತೇನೆ.

ಮೊಬೈಲಿನ ಗಾಜು ಕಿಟಕಿಯ ಗಾಜಿನಂಥದಲ್ಲ. ಅದನ್ನು ಸುಮಾರು ೪೦೦ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗಿದ ಪೊಟಾಸಿಯಂ ಉಪ್ಪಿನಲ್ಲಿ ಮುಳುಗಿಸಿಡುವರು. ಆಗ ಗಾಜಿನ ಮೇಲ್ಪದರದಲ್ಲಿರುವ ಸೋಡಿಯಂ ಅಯಾನುಗಳು ಹೊರಬಿದ್ದು, ಅವುಗಳಿಗಿಂತ ದೊಡ್ಡವಾದ ಪೊಟಾಸಿಯಂ ಅಯಾನುಗಳು ಆ ಸ್ಥಾನದಲ್ಲಿ ಕೂರುವುವು. ಶಾಲೆಯ ಬೆಂಚಿನಲ್ಲಿ ಐವರು ಬಾಲಕರನ್ನೆಬ್ಬಿಸಿ ಅದೇ ಜಾಗದಲ್ಲಿ ಐವರು ದೊಡ್ಡವರನ್ನು ಕೂರಿಸಿದಂತೆ ಅಲ್ಲಿ ಒತ್ತಡವುಂಟಾಗುವುದು. ಈ ಒತ್ತಡವು ಸಣ್ಣ ಬಿರುಕುಗಳು ಬಾಯಿ ತೆರೆಯದಂತೆ ಬಿಗಿಹಿಡಿಯುವುದು. ಅಮೆರಿಕದ ಕಾರ್ನಿಂಗ್ ಕಂಪೆನಿಯು ಈ ಬಗೆಯ ಗಾಜನ್ನು ೧೯೬೦ರ ದಶಕದಲ್ಲಿಯೇ ಸಿದ್ಧಪಡಿಸಿತ್ತು. ಅದು ಜನರ ಅಂಗೈಗೆ ಬಂದುದು ೨೦೦೭ರಲ್ಲಿ ಐಫೋನು ಹೊರಬಂದ ಮೇಲೆ.

ಇಷ್ಟು ಬಲವಿದ್ದರೆ ಅದಕ್ಕೆ ಕಾವಲೇಕೆ? ಇಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ತಿಳಿಯತಕ್ಕುದು. ಪೆಟ್ಟಿಗೆ ಒಡೆಯದಿರುವುದು ಒಂದು; ಉಜ್ಜಿದರೆ ಗೀರು ಬೀಳದಿರುವುದು ಮತ್ತೊಂದು. ಖನಿಜಗಳ ಗಡಸುತನವನ್ನಳೆಯಲು ಜರ್ಮನಿಯ ಮೋಸ್ ಎಂಬ ವಿದ್ವಾಂಸನು ೧೮೧೨ರಲ್ಲಿ ಒಂದರಿಂದ ಹತ್ತರವರೆಗಿನ ಮೆಟ್ಟಿಲುಗಳನ್ನು ಏರ್ಪಡಿಸಿದನು. ಗಡುಸಾದುದು ಮೆದುವಾದುದನ್ನು ಗೀರುವುದು. ಇದೇ ಅದರ ಸೂತ್ರ. ಮೊಬೈಲಿನ ಗಾಜು ಆರರ ಸುತ್ತಮುತ್ತ ನಿಲ್ಲುವುದು. ಹಿತ್ತಾಳೆಯ ಬೀಗದ ಕೈಯೂ ನಾಣ್ಯಗಳೂ ಅದಕ್ಕಿಂತ ಕೆಳಗಿನವು. ಅವು ಗಾಜಿಗೆ ಹೆಚ್ಚಿನ ಹಾನಿ ಮಾಡಲಾರವು. ಆದರೆ ಮರಳಿನಲ್ಲಿರುವ ಸ್ಫಟಿಕ ಶಿಲೆಯ ಕಣವು ಏಳನೆಯ ಮೆಟ್ಟಿಲಿನದು. ನಮ್ಮ ಶಹಾಬಾದಿನ ಫರಸಿಯು ಸುಣ್ಣಕಲ್ಲಾದುದರಿಂದ ತಾನಾಗಿ ಗಾಜನ್ನು ಗೀರಲಾರದು. ಅದರ ಮೇಲೆ ಕೂತಿರುವ ಧೂಳಿನೊಳಗಿನ ಮರಳು ಗೀರಬಲ್ಲುದು. ಅಂಗಿಯ ಜೇಬು, ಸೆರಗಿನ ತುದಿ, ತರಕಾರಿಯ ಚೀಲ, ಮರಳಿನ ಕಣವಿಲ್ಲದ ಸ್ಥಳ ಯಾವುದು? ಅದರಲ್ಲಿಯೂ ಕೊಳಾರದಂಥ ಊರಿನಲ್ಲಿ, ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವ ಲಾರಿಗಳ ಧೂಳು ಬೇಸಗೆಯಲ್ಲಿ ಹಪ್ಪಳ ಒಣಗಿಸಲೂ ಬಿಡದು.

ಗೀರು ಬಿದ್ದರೇನು, ಅಂದ ಕೆಟ್ಟೀತಷ್ಟೆ ಎನ್ನುವಿರಾದರೆ ಇನ್ನೊಂದು ಮಾತಿದೆ. ಗ್ರಿಫಿತ್ ಎಂಬ ಆಂಗ್ಲ ಎಂಜಿನಿಯರನು ೧೯೨೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗಾಜು ತನ್ನ ಸಹಜ ಬಲಕ್ಕಿಂತ ಬಹಳ ಕಡಿಮೆ ಪೆಟ್ಟಿಗೇ ಒಡೆಯುವುದೇಕೆಂಬುದನ್ನು ವಿವರಿಸಿದನು. ಮೈಮೇಲಿನ ಸೂಕ್ಷ್ಮ ಬಿರುಕುಗಳೇ ಅದಕ್ಕೆ ಕಾರಣ. ಬಲವೆಲ್ಲ ಬಿರುಕಿನ ಮೊನೆಯಲ್ಲಿ ಒಂದುಗೂಡಿ ಗಾಜನ್ನು ಸೀಳುವುದು. ಅರಿವೆಯ ಅಂಚನ್ನು ಮೊದಲು ಕೊಂಚ ಕತ್ತರಿಸಿದರೆ ಮಿಕ್ಕುದು ಸರ್ರನೆ ಹರಿಯುವುದನ್ನು ಸೋದರಿಯರು ಬಲ್ಲರಷ್ಟೆ, ಇದೂ ಹಾಗೆಯೆ. ಹೀಗಿರಲು ಇಂದಿನ ಆಳವಾದ ಗೀರು ನಾಳಿನ ಒಡಕಿಗೆ ದಾರಿಯಾಗಬಹುದು. ಮೇಲಿನ ಕಾವಲು ಗಾಜು ಈ ಗೀರುಗಳನ್ನು ತನ್ನ ಮೈಮೇಲೆ ತೆಗೆದುಕೊಳ್ಳುವುದು. ಅದರ ನಿಶ್ಚಿತವಾದ ಉಪಕಾರವಿದು. ಬಿದ್ದಾಗಲೂ ಮೊನಚು ಕಲ್ಲಿನ ಮೊದಲ ಪೆಟ್ಟನ್ನು ತಾನು ತಿಂದು ಎಷ್ಟೋ ವೇಳೆ ಕೆಳಗಿನದನ್ನುಳಿಸುವುದು. ಆದರೆ ಯಾವಾಗಲೂ ಉಳಿಸುವುದೆಂದು ಯಾರೂ ಪ್ರಮಾಣ ಮಾಡಲಾಗದು. ಯಂತ್ರವು ಮೂಲೆಯೂರಿ ಬಿದ್ದರೆ ಪೆಟ್ಟು ಅಂಚಿನಿಂದ ನೇರವಾಗಿ ಒಳಗೆ ಹೋಗುವುದು. ಆದುದರಿಂದ ಅಂಚು ತುಸು ಎತ್ತರವಾಗಿರುವ ಹಿಂಬದಿಯ ಕವರೂ ಜೊತೆಗಿರಬೇಕು.

ಹೊಸ ಗಾಜು ಕೂರಿಸಿದ ದಿನ ಅಂಗಡಿಯ ಹುಡುಗನು, ಹಿಂದೆ ನನ್ನ ಶಿಷ್ಯನೇ, ಒಂದು ಟೆಂಪರ್ ಗ್ಲಾಸನ್ನು ತೋರಿಸಿ, "ಮಾಸ್ತರ್ರೆ, ಇದು ೯ ಎಚ್ ಅದ ರೀ; ಕಲ್ಲಿಂದ ಬಡದರೂ ಏನೂ ಆಗಲ್ಲ" ಎಂದನು. ಒಂಬತ್ತೆಂದರೆ ಮೋಸನ ಮೆಟ್ಟಿಲಿನಲ್ಲಿ ಮಾಣಿಕ್ಯದ ಸ್ಥಾನ! ನೂರು ರೂಪಾಯಿಗೆ ಮಾಣಿಕ್ಯ ಬರುವುದೆ? ವಿಚಾರಿಸಲಾಗಿ ಈ ಒಂಬತ್ತು ಪೆನ್ಸಿಲಿನದೆಂದು ತಿಳಿಯಿತು. ಹುಡುಗರು ಬರೆಯುವ ಪೆನ್ಸಿಲಿನ ಮೇಲೆ ಎಚ್‌ಬಿ ಎಂದಿರುವುದಿಲ್ಲವೆ? ಅದೇ ಶ್ರೇಣಿಯಲ್ಲಿ ಬಹು ಗಡುಸಾದುದು ೯ ಎಚ್. ಆ ಪೆನ್ಸಿಲಿನ ಮೊನೆಯಿಂದ ಗೀರು ಬೀಳದು ಎಂದಷ್ಟೇ ಅದರ ಅರ್ಥ. ಮರಳಿನ ಮುಂದೆ ಅದರ ಆಟ ನಡೆಯದು. ಶಿಷ್ಯನಿಗೆ ಇದನ್ನು ವಿವರಿಸಿದೆ. ಅವನು ತಲೆಯಾಡಿಸಿ, ಮುಂದಿನ ಗಿರಾಕಿಗೆ ಮೊದಲಿನ ಮಾತನ್ನೇ ಹೇಳಿದನು.

ಇನ್ನು ನನ್ನ ಅನವಸ್ಥಾದೋಷದ ಮಾತು. ಇದಕ್ಕೆ ಉತ್ತರ ದೊರೆತುದು ಬೀದರಿನ ಪೇಟೆಯಲ್ಲಿ. ಅಂಗಡಿಯಿಂದ ಮರಳುವಾಗ ಮಹಮೂದ್ ಗವಾನನ ಮದರಸದ ಮುಂದೆ ನಿಂತೆ. ೧೪೭೨ರಲ್ಲಿ ಕಟ್ಟಿದ ಆ ವಿದ್ಯಾಶಾಲೆಯ ಉಳಿದ ಮಿನಾರಿನ ಮೇಲೆಯೂ ಮುಂಗೋಡೆಯ ಮೇಲೆಯೂ ಬಣ್ಣದ ಹಂಚುಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತಿವೆ. ಹಂಚಿನ ಮೇಲಿನ ಹೊಳಪೆಂದರೇನು? ಸುಟ್ಟ ಮಣ್ಣಿನ ಮೇಲೆ ಕರಗಿಸಿ ಹರಡಿದ ಗಾಜಿನ ತೆಳುಪದರವೇ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ಬಹುಭಾಗ ಹಾಳಾಯಿತು. ಅದನ್ನು ತಡೆಯುವ ಶಕ್ತಿ ಗಾಜಿನ ಲೇಪಕ್ಕೆಲ್ಲಿಯದು? ಆದರೆ ಮಳೆ ಬಿಸಿಲುಗಳ ನಿತ್ಯದ ಸವೆತವನ್ನು ಅದು ಐನೂರು ವರ್ಷ ತಡೆದಿದೆ. ನಮ್ಮ ಮನೆಯ ಬಿದ್ರಿಯ ಹೂದಾನಿಗೂ ನಮ್ಮ ಮನೆಯವರು ಹಬ್ಬಕ್ಕೊಮ್ಮೆ ಎಣ್ಣೆಯ ಪಸೆ ಸವರುವರು. ಹುಣಿಸೆಹಣ್ಣಿನಿಂದ ತಿಕ್ಕಿದರೆ ಕಪ್ಪು ಹೋಗಿಬಿಡುವುದೆಂದು ಅವರ ತಾಯಿ ಕಲಿಸಿದ ಪಾಠ. ಹಿಂದಿನವರು ತಾಳೆಗರಿಯ ಗ್ರಂಥದ ಮೇಲೂ ಕೆಳಗೂ ಮರದ ಹಲಗೆಯಿಟ್ಟು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಆ ಹಲಗೆಗೆ ಇನ್ನೊಂದು ಹಲಗೆ ಬೇಕೆಂದು ಯಾವ ಪಂಡಿತನೂ ವಾದಿಸಲಿಲ್ಲ. ಏಕೆಂದರೆ ಹಲಗೆ ಕೆಟ್ಟರೆ ಬದಲಿಸಬಹುದು, ಗ್ರಂಥ ಕೆಟ್ಟರೆ ಬದಲಿಸಲಾಗದು. ಸುಲಭವಾಗಿ ಬದಲಿಸಬಹುದಾದುದು ದೊರೆತಲ್ಲಿಗೆ ಸರಣಿಯು ನಿಲ್ಲುವುದು. ತರ್ಕವನ್ನು ಅರ್ಧ ಓದಿದವನಿಗೆ ಇದು ತೋರಲಿಲ್ಲ. ಓದದ ಸೊಸೆಗೆ ಮೊದಲೇ ತೋರಿತ್ತು. ಮನೆಗೆ ಬಂದವನು ಅವಳಿಗೆ ಹಾಗೆಂದೇ ಹೇಳಿದೆ.

ಆದರೂ ಎಲ್ಲರಿಗೂ ಇದು ಅವಶ್ಯವೆಂದು ನಾನು ಹೇಳಲಾರೆ. ಒಬ್ಬರೇ ಬಳಸುವವರು, ಮೆತ್ತನೆಯ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಳ್ಳುವವರು, ಕೈ ತಪ್ಪದವರು ಬಿಟ್ಟರೂ ನಡೆದೀತು. ಅಂಚು ಬಾಗಿದ ಗಾಜುಳ್ಳ ಯಂತ್ರಗಳಿಗೆ ಚಪ್ಪಟೆಯ ಕಾವಲು ಗಾಜು ಸರಿಯಾಗಿ ಕೂರದು. ಅಂಥವಕ್ಕೆ ದ್ರವದ ಅಂಟನ್ನು ಬಳಸುವಾಗ ಅದು ಕಿವಿಯ ರಂಧ್ರದೊಳಗೆ ಇಳಿಯದಂತೆ ನೋಡಬೇಕು. ಗಾಜಿನ ಕೆಳಗೆ ಬೆರಳಿನ ಗುರುತು ಹಿಡಿಯುವ ಯಂತ್ರಗಳಲ್ಲಿ ದಪ್ಪನೆಯ ಕಾವಲಿನಿಂದ ಆ ಕೆಲಸಕ್ಕೆ ಅಡ್ಡಿಯಾಗಬಹುದು. ಪ್ಲಾಸ್ಟಿಕ್ಕಿನ ತೆಳುಹಾಳೆಯು ಅಗ್ಗ. ಗೀರನ್ನು ತಡೆಯುವುದು, ಪೆಟ್ಟಿಗೆ ಹೆಚ್ಚು ಉಪಯೋಗವಿಲ್ಲ. ಮಕ್ಕಳೂ ಮುದುಕರೂ ಒಂದೇ ಯಂತ್ರವನ್ನು ಕೈಯಿಂದ ಕೈಗೆ ದಾಟಿಸುವ ಮನೆಗಳಲ್ಲಿ ಗಾಜಿನ ಕಾವಲೇ ಲೇಸು.

ಹಾಕುವ ಕ್ರಮವನ್ನೂ ಹೇಳಿಬಿಡುತ್ತೇನೆ. ಬೀಸಣಿಕೆ ನಿಲ್ಲಿಸಿ, ಕೈ ತೊಳೆದು, ಮೊದಲು ಧೂಳನ್ನು ಮೆಲ್ಲನೆ ಊದಿ ತೆಗೆದು ಅನಂತರ ಒರೆಸತಕ್ಕುದು. ಧೂಳಿರುವಾಗಲೇ ಒರೆಸಿದರೆ ಗೀರನ್ನು ನಾವೇ ಬರೆದಂತೆ. ಸ್ನಾನದ ಮನೆಯಲ್ಲಿ ಬಿಸಿನೀರಿನ ಹಬೆ ಆರಿದ ಮೇಲೆ ಗಾಳಿಯಲ್ಲಿ ಧೂಳು ಕಡಿಮೆ, ಅಲ್ಲಿ ಹಾಕುವುದುತ್ತಮ. ಅಂಚುಗಳನ್ನು ಹೊಂದಿಸಿ ಮಧ್ಯದಲ್ಲಿ ಒತ್ತಿದರೆ ಅಂಟು ತಾನೇ ಹರಡುವುದು. ಕಾವಲು ಗಾಜು ಒಡೆದ ದಿನವೇ ತೆಗೆದು ಕಾಗದದಲ್ಲಿ ಸುತ್ತಿ ಎಸೆಯಬೇಕು. ಒಡೆದುದನ್ನು ತಿಂಗಳುಗಟ್ಟಲೆ ಉಳಿಸಿಕೊಂಡು ಬೆರಳು ಕೊಯ್ದುಕೊಳ್ಳುವುದು ಮಿತವ್ಯಯವಲ್ಲ.

ಎಳ್ಳಮಾವಾಸ್ಯೆಯಂದು ಭಾಲ್ಕಿಯ ಕಡೆಯ ಬೀಗರ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಭಜ್ಜಿ, ಸಜ್ಜೆಯ ರೊಟ್ಟಿಗಳ ಊಟ ಮುಗಿದು ದೊಡ್ಡವರು ಮರದ ನೆರಳಿನಲ್ಲಿ ಒರಗಿದ್ದರು. ಮೊಮ್ಮಗನು ತಂದೆಗೆ ಹೊಲವನ್ನು ತೋರಿಸುತ್ತ ಬದುವಿನ ಮೇಲೆ ನಡೆಯುತ್ತಿದ್ದವನು ಜಾರಿದನು. ಯಂತ್ರವು ಕಲ್ಲಿನ ಮೇಲೆ ಬೋರಲು ಬಿದ್ದಿತು. ಹುಡುಗನು ಅದನ್ನು ಎತ್ತಿದವನೇ ಅಂಗಿಯೊಳಗೆ ಬಚ್ಚಿಟ್ಟುಕೊಂಡು, ನನ್ನ ಕಡೆ ನೋಡಿ, ಅಲ್ಲಿಯೇ ನಿಂತುಬಿಟ್ಟನು. ಅವನ ಮೊಣಕೈಯಿಂದ ರಕ್ತ ಬರುತ್ತಿತ್ತು. ಅದು ಅವನ ಅರಿವಿಗೇ ಬಂದಿರಲಿಲ್ಲ.

ಆ ನೋಟವು ನನ್ನ ಎದೆಗೆ ನಾಟಿತು. ಹತ್ತಿರ ಹೋಗಿ ಮೊದಲು ಮೊಣಕೈಯನ್ನು ತೊಳೆದೆ. ಆಮೇಲೆ ಇಬ್ಬರೂ ಬದುವಿನ ಮೇಲೆ ಕುಳಿತು ಬಿರಿದ ಗಾಜನ್ನು ಮೆಲ್ಲಗೆ ಸುಲಿದೆವು. ಕೆಳಗಿನದು ನೆಟ್ಟಗಿತ್ತು. "ಮುತ್ಯಾ, ಒಳಗಿಂದು ಒಡದಿಲ್ಲ ನೋಡು!" ಎಂದು ಅವನು ಕೂಗಿದನು. "ಒಡೆದಿದ್ದರೂ ನಿನ್ನನ್ನು ಬೈಯುತ್ತಿರಲಿಲ್ಲಪ್ಪ" ಎಂದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದನು. ನಂಬಿದನೋ ಇಲ್ಲವೋ ಹೇಳಲಾರೆ. ನಂಬಲು ಇನ್ನೂ ಕೆಲವು ದಿನ ಬೇಕಾದಾವು.

ಮರುದಿನ ಇನ್ನೊಂದು ಗಾಜನ್ನು ತಂದೆವು. ಈ ಸಲ ಹಾಕಿದವನು ಅವನೇ. ಅಂಚಿನಲ್ಲಿ ಒಂದು ಗಾಳಿಯ ಗುಳ್ಳೆ ಉಳಿದಿದೆ. ಅದು ಹಾಗೆಯೇ ಇರಲೆಂದು ಬಿಟ್ಟಿದ್ದೇನೆ.