ಪೀಪಾಯಿಗೆ ಕಾನೂನುಂಟು, ಪಕ್ಕದ ಕೇರಿಗೆ?

ನಮ್ಮ ಕೇರಿಯ ಹಿಂದೆ ಒಂದು ಬೋರ್ಡು ನಿಂತಿದೆ. ‘ತಾತ್ಕಾಲಿಕ ಕಸ ಸಂಗ್ರಹಣಾ ಸ್ಥಳ’. ನಾನು ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದೇ ಆ ಬೋರ್ಡಿನಲ್ಲಿ. ‘ತಾತ್ಕಾಲಿಕ’ ಅನ್ನೋ ಪದ ನಾಲಿಗೆ ಮೇಲೆ ಹೊರಳದೆ ಅಜ್ಜಿಯನ್ನು ಕೇಳಿದ್ದೆ, ಹಂಗಂದ್ರೇನಜ್ಜಿ ಅಂತ. ಅಜ್ಜಿಗೆ ಓದು ಬರುತ್ತಿರಲಿಲ್ಲ. ‘ನಮ್ ಮನೆ ಹಿಂದೆ ಅಂತಿರಬೇಕು ಕಣ್ ಮಗಾ’ ಅಂದಳು. ಈಗ ನಾನು ಬಿ.ಎಸ್ಸಿ. ಮುಗಿಸಿದ್ದೇನೆ. ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದವನು ನಾನೇ ಮೊದಲು. ಅಜ್ಜಿ ಮಣ್ಣಾಗಿದ್ದಾಳೆ. ಬೋರ್ಡಿಗೆ ಎರಡು ಸಲ ಹೊಸ ಬಣ್ಣ ಬಿದ್ದಿದೆ. ಪದ ಮಾತ್ರ ಅದೇ. ನಿಘಂಟು ತೆಗೆದು ನೋಡಿದೆ. ಅಜ್ಜಿ ಕೊಟ್ಟ ಅರ್ಥವೇ ಸರಿ ಅನ್ನಿಸಿತು.

ಅದೇ ಪದವನ್ನು ನಾನು ಎರಡನೇ ಸಲ ಕಂಡದ್ದು ಅಮೆರಿಕದಲ್ಲಿ. ಹೋಗಿಲ್ಲ ಸ್ವಾಮಿ, ಓದಿದ್ದು. ಅಣುಸ್ಥಾವರಗಳಲ್ಲಿ ಉರಿದು ಮುಗಿದ ಇಂಧನವನ್ನು ಇಡುವ ಪೀಪಾಯಿಗಳ ಬಗ್ಗೆ ಅಲ್ಲಿನ ಸರ್ಕಾರ ಕಾನೂನು ಮಾಡಿಟ್ಟಿದೆ. ಆ ಕಾನೂನಿನ ಸುತ್ತ ನಡೆದ ಮಾತಿನಲ್ಲೆಲ್ಲ ಈ ಪದ ಇದೆ. ತಾತ್ಕಾಲಿಕ ಸಂಗ್ರಹ. ಕೋಲಾರ ಸೀಮೆಯ ಕೇರಿಯ ಹುಡುಗನಿಗೆ ಅಮೆರಿಕದ ಪೀಪಾಯಿಯ ಉಸಾಬರಿ ಯಾಕೆ ಅಂತ ಕೇಳುವವರು ಕೊನೆಯವರೆಗೆ ಓದಲಿ.

ಮೊದಲು ಆ ಪೀಪಾಯಿ ಏನು ಅಂತ ತಿಳಿಯೋಣ. ಸ್ಥಾವರದಲ್ಲಿ ಯುರೇನಿಯಂ ಸರಳುಗಳು ಕೆಲವು ವರ್ಷ ಉರಿಯುತ್ತವೆ. ಆಮೇಲೆ ಕರೆಂಟಿಗೆ ಕೆಲಸಕ್ಕೆ ಬರುವುದಿಲ್ಲ. ಆದರೆ ಅವುಗಳ ಬಿಸಿ ಆರಿರುವುದಿಲ್ಲ, ವಿಕಿರಣ ನಿಂತಿರುವುದಿಲ್ಲ. ಹತ್ತಿರ ಹೋದವನು ಉಳಿಯುವುದಿಲ್ಲ. ಅವನ್ನು ಆಳವಾದ ನೀರಿನ ತೊಟ್ಟಿಯಲ್ಲಿ ಹಲವು ವರ್ಷ ಮುಳುಗಿಸಿಡುತ್ತಾರೆ. ತೊಟ್ಟಿ ತುಂಬಿದಾಗ, ತಣಿದ ಸರಳುಗಳನ್ನು ಉಕ್ಕಿನ ಉರುಳೆಗೆ ತುಂಬಿ, ನೀರು ಬಸಿದು, ಹೀಲಿಯಂ ಅನಿಲ ತುಂಬಿ, ಮುಚ್ಚಳ ಬಿಗಿದು ಬಯಲಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಹೆಚ್ಚಿನವಕ್ಕೆ ಸುತ್ತ ದಪ್ಪ ಕಾಂಕ್ರೀಟಿನ ಕವಚ. ಅಮೆರಿಕದಲ್ಲಿ ಇದು ಶುರುವಾದದ್ದು 1986ರಲ್ಲಿ, ವರ್ಜೀನಿಯಾದ ಸರ್ರಿ ಸ್ಥಾವರದಲ್ಲಿ. ಇಂದು ಆ ದೇಶದಲ್ಲಿ ಇಂಥ ಇಂಧನ ಸುಮಾರು 90,000 ಟನ್ ಕೂತಿದೆ. ಅದರಲ್ಲಿರುವ ಸೀಸಿಯಂ 30 ವರ್ಷಕ್ಕೆ ಅರ್ಧವಾಗುತ್ತದೆ. ಪ್ಲುಟೋನಿಯಂ ಅರ್ಧವಾಗಲು 24,000 ವರ್ಷ ಬೇಕು.

ನಾನು ಸುಳ್ಳು ಹೇಳುವುದಿಲ್ಲ. ಆ ಪೀಪಾಯಿ ಗಟ್ಟಿಯಾಗಿದೆ. ಅದಕ್ಕಿರುವ ಕಾನೂನೂ ಗಟ್ಟಿಯಾಗಿದೆ. ಸಾಗಿಸುವ ಪೀಪಾಯಿಯನ್ನು 9 ಮೀಟರ್ ಎತ್ತರದಿಂದ ಬೀಳಿಸಿದರೂ, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಬೇಯಿಸಿದರೂ ತಡೆಯಬೇಕು ಅಂತ ನಿಯಮ ಇದೆ. ಇಡುವ ಜಾಗದ ಗಡಿ ಪೀಪಾಯಿಯಿಂದ ಕನಿಷ್ಠ 100 ಮೀಟರ್ ಇರಬೇಕು. ಗಡಿಯಾಚೆ ಇರುವ ಮನುಷ್ಯನ ಮೈಗೆ ವರ್ಷಕ್ಕೆ 25 ಮಿಲಿರೆಮ್‌ಗಿಂತ ಹೆಚ್ಚು ವಿಕಿರಣ ತಾಗಬಾರದು. ಗೋಡೆ ಅಳೆದಿದ್ದಾರೆ, ಬೆಸುಗೆ ಅಳೆದಿದ್ದಾರೆ, ದೂರ ಅಳೆದಿದ್ದಾರೆ. ಒಳ್ಳೆಯದೇ ಮಾಡಿದ್ದಾರೆ.

ನನ್ನ ಜಗಳ ಉಕ್ಕಿನ ಜೊತೆ ಅಲ್ಲ. ನನ್ನ ಜಗಳ ಎರಡು ಪ್ರಶ್ನೆಗೆ. ಎಲ್ಲಿಡ್ತೀರಿ? ಎಲ್ಲೀವರೆಗೆ ಇಡ್ತೀರಿ? ಪೀಪಾಯಿಯ ಕಾನೂನು ಈ ಎರಡು ಪ್ರಶ್ನೆ ಬಂದ ಕಡೆಯೆಲ್ಲ ತೊದಲುತ್ತದೆ.

ಎಲ್ಲೀವರೆಗೆ ಅನ್ನುವುದನ್ನು ಮೊದಲು ನೋಡೋಣ. 1982ರಲ್ಲಿ ಅಮೆರಿಕ ಕಾನೂನು ಮಾಡಿತು. 1998ರ ಜನವರಿ 31ರಿಂದ ಸರ್ಕಾರವೇ ಈ ಇಂಧನವನ್ನು ಸ್ಥಾವರಗಳಿಂದ ಹೊತ್ತೊಯ್ದು ಭೂಮಿಯಾಳದಲ್ಲಿ ಹೂಳುತ್ತದೆ ಅಂತ ಮಾತು ಕೊಟ್ಟಿತು. 1987ರಲ್ಲಿ ನೆವಾಡಾದ ಯುಕ್ಕಾ ಬೆಟ್ಟ ಒಂದನ್ನೇ ಆರಿಸಿತು. ಅದು ನಮ್ಮ ನೆಲ, 1863ರ ಒಪ್ಪಂದ ನಮ್ಮ ಕೈಯಲ್ಲಿದೆ ಅಂತ ಪಶ್ಚಿಮ ಶೋಶೋನಿ ಬುಡಕಟ್ಟಿನವರು ಹೇಳುತ್ತಲೇ ಇದ್ದರು. ಆ ಬೆಟ್ಟದಲ್ಲಿ ಇವತ್ತಿಗೂ ಒಂದು ಸರಳನ್ನೂ ಹೂಳಿಲ್ಲ. ಪೀಪಾಯಿಗಳು ನಿಂತಲ್ಲೇ ನಿಂತಿವೆ.

ನಿಯಂತ್ರಣ ಆಯೋಗದ ಮಾತು ಕೇಳಿ. ಹೂಳುವ ಜಾಗ ಯಾವಾಗ ಸಿಗುತ್ತದೆ? 1984ರಲ್ಲಿ ಆಯೋಗ ಹೇಳಿತು, 2009ರೊಳಗೆ. 1990ರಲ್ಲಿ ಹೇಳಿತು, ಇಪ್ಪತ್ತೊಂದನೇ ಶತಮಾನದ ಮೊದಲ ಕಾಲು ಭಾಗದೊಳಗೆ. 2010ರಲ್ಲಿ ಹೇಳಿತು, ಬೇಕಾದಾಗ. ಬೇಕಾದಾಗ! ನಮ್ಮ ಕೇರಿಗೆ ನಲ್ಲಿ ಯಾವಾಗ ಹಾಕಿಸ್ತೀರಿ ಅಂದಾಗ ನಮಗೆ ಸಿಗುವ ಉತ್ತರ ಇದಕ್ಕಿಂತ ಬೇರೆ ಇದೆಯೇ? 2012ರಲ್ಲಿ ಒಂದು ಕೋರ್ಟು ಈ ‘ಬೇಕಾದಾಗ’ವನ್ನು ಹೊಡೆದುಹಾಕಿತು. ಆಗ ಆಯೋಗ 2014ರಲ್ಲಿ ಹೊಸ ನಿಯಮ ಬರೆಯಿತು. ಹೂಳುವ ಜಾಗ ಎಂದೆಂದಿಗೂ ಸಿಗದಿದ್ದರೂ ನಡೆಯುತ್ತದೆ, ನೂರು ವರ್ಷಕ್ಕೊಮ್ಮೆ ಪೀಪಾಯಿ ಬದಲಾಯಿಸುತ್ತ ಹೋದರೆ ಸಾಕು ಅಂತ ಲೆಕ್ಕ ಹಾಕಿತು. ಗೆಳೆಯರೆ, ಲೈಸೆನ್ಸು ಕೊಡುವುದು ಹೆಚ್ಚೆಂದರೆ 40 ವರ್ಷಕ್ಕೆ, ಆಮೇಲೆ ನವೀಕರಣ. ಲೆಕ್ಕ ಹಾಕುವುದು ನೂರು ನೂರು ವರ್ಷಕ್ಕೆ. ನೂರು ವರ್ಷದ ಮೇಲೆ ಆ ಮುಚ್ಚಳ ಬಿಚ್ಚುವವನು ಯಾರ ಮೊಮ್ಮಗ? ಈ ದೇಶದಲ್ಲಿ ಮಲದ ಗುಂಡಿಯ ಮುಚ್ಚಳ ಬಿಚ್ಚುವ ಕೈ ಯಾರದು ಅಂತ ಬಲ್ಲವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಲಾರದು.

ಇನ್ನು ಎಲ್ಲಿಡ್ತೀರಿ ಅನ್ನುವ ಪ್ರಶ್ನೆ. ಮಿನ್ನೆಸೋಟಾದಲ್ಲಿ ಮಿಸಿಸಿಪ್ಪಿ ನದಿಯ ದಡದಲ್ಲಿ ಪ್ರೈರಿ ಐಲ್ಯಾಂಡ್ ಅಂತ ಒಂದು ಜಾಗ. ಅಲ್ಲಿ ಡಕೋಟಾ ಬುಡಕಟ್ಟಿನವರ ಕೇರಿ. ಕೇರಿ ಅಂತಲೇ ಬರೆಯುತ್ತೇನೆ, ನಮ್ಮ ಭಾಷೆಯಲ್ಲಿ ಅದಕ್ಕಿಂತ ಸರಿಯಾದ ಪದ ಇಲ್ಲ. 1970ರ ದಶಕದಿಂದ ಪಕ್ಕದಲ್ಲೇ ಅಣುಸ್ಥಾವರ. ತೊಟ್ಟಿ ತುಂಬುತ್ತ ಬಂದಾಗ 1994ರಲ್ಲಿ ಆ ರಾಜ್ಯದ ಶಾಸನಸಭೆ 17 ಪೀಪಾಯಿಗಳಿಗೆ ಒಪ್ಪಿಗೆ ಕೊಟ್ಟಿತು. ಹದಿನೇಳೇ, ಇನ್ನಿಲ್ಲ ಅಂದರು. 2003ರಲ್ಲಿ ಕಾನೂನು ತಿದ್ದಿದರು. ಹದಿನೇಳರ ಗೆರೆ ದಾಟಿ ಎಷ್ಟೋ ವರ್ಷವಾಯಿತು. ಪೀಪಾಯಿಗಳಿಂದ ಹತ್ತಿರದ ಮನೆಗಳಿಗೆ ಸುಮಾರು 600 ಗಜ. ಕಾನೂನಿನ 100 ಮೀಟರ್ ಲೆಕ್ಕಕ್ಕೆ ಇದು ಧಾರಾಳ! 2012ರಲ್ಲಿ ‘ಬೇಕಾದಾಗ’ವನ್ನು ಕೋರ್ಟಿನಲ್ಲಿ ಕೆಡವಿದವರಲ್ಲಿ ನಾಲ್ಕು ರಾಜ್ಯಗಳ ಜೊತೆಗೆ ಈ ಸಣ್ಣ ಕೇರಿಯೂ ಇತ್ತು. ಅವರಿಗೆ ನನ್ನ ಶರಣು.

ಇನ್ನೊಂದು ಜಾಗ, ಯೂಟಾದ ಸ್ಕಲ್ ವ್ಯಾಲಿ. ಗೋಶೂಟ್ ಬುಡಕಟ್ಟಿನ ಒಂದು ಪುಟ್ಟ ಪಂಗಡ, ನೂರಿಪ್ಪತ್ತರ ಆಸುಪಾಸು ಜನ. ಒಂದು ಕಡೆ ಸೈನ್ಯದ ವಿಷಾನಿಲ ಪರೀಕ್ಷೆಯ ಬಯಲು. 1968ರಲ್ಲಿ ಆ ಕಣಿವೆಯಲ್ಲಿ ಸಾವಿರಾರು ಕುರಿ ಸತ್ತು ಬಿದ್ದಿದ್ದವು. ಇನ್ನೊಂದು ಕಡೆ ರಾಸಾಯನಿಕ ಅಸ್ತ್ರಗಳ ಉಗ್ರಾಣ. ಮತ್ತೊಂದು ಕಡೆ ವಿಷದ ಕಸ ಹೂಳುವ ಜಾಗ. ಇಂಥ ಕಡೆಗೆ ಎಂಟು ವಿದ್ಯುತ್ ಕಂಪನಿಗಳ ಕೂಟ ಬಂದು 4,000 ಪೀಪಾಯಿ ಇಡ್ತೀವಿ, 40,000 ಟನ್ ತರ್ತೀವಿ, ಹಣ ಕೊಡ್ತೀವಿ ಅಂದಿತು. 1997ರಲ್ಲಿ ಅರ್ಜಿ ಹಾಕಿತು. ಪಂಗಡ ಒಡೆದು ಎರಡಾಯಿತು. ಕೆಲವರು ಸಹಿ ಹಾಕಿದರು, ಕೆಲವರು ಎದೆ ಕೊಟ್ಟು ನಿಂತರು.

ಆಯೋಗ ಸುಮಾರು ಒಂಬತ್ತು ವರ್ಷ ವಿಚಾರಣೆ ನಡೆಸಿತು. ಅದರಲ್ಲಿ ವರ್ಷಗಟ್ಟಲೆ ಹೋದದ್ದು ಯಾವುದಕ್ಕೆ ಗೊತ್ತಾ? ಹತ್ತಿರದ ವಾಯುನೆಲೆಯ ಎಫ್-16 ಯುದ್ಧವಿಮಾನ ಪೀಪಾಯಿಯ ಮೇಲೆ ಬಿದ್ದು ಅದು ಒಡೆಯುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಅನ್ನುವುದಕ್ಕೆ. ಕಡಿಮೆ ಅಂತ ತೀರ್ಮಾನವಾಯಿತು. 2006ರಲ್ಲಿ ಲೈಸೆನ್ಸು ಕೊಟ್ಟರು. ಆಕಾಶದಿಂದ ಬೀಳುವ ವಿಮಾನವನ್ನು ಹತ್ತು ಲಕ್ಷದಲ್ಲಿ ಒಂದರವರೆಗೆ ಅಳೆದವರು, ಈ ದೇಶದ ಕಸವೆಲ್ಲ ಇವರ ಕೇರಿಗೇ ಯಾಕೆ ಬೀಳುತ್ತದೆ ಅನ್ನುವುದನ್ನು ಅಳೆಯಲಿಲ್ಲ. 2004ರಲ್ಲಿ ಇದೇ ಆಯೋಗ ಒಂದು ನೀತಿ ಪ್ರಕಟಿಸಿತ್ತು. ಜಾಗ ಆರಿಸುವಾಗ ಜನಾಂಗಭೇದದ ಉದ್ದೇಶ ಇತ್ತೇ ಅಂತ ಕೆದಕುವುದು ಪರಿಸರ ಕಾನೂನಿನ ಕೆಲಸವಲ್ಲ ಅಂತ ಅದರಲ್ಲಿ ಹೇಳಿತ್ತು. ಅಂದರೆ ವಿಮಾನಕ್ಕೆ ಲೆಕ್ಕ ಉಂಟು, ಜಾತಿಗೆ ಲೆಕ್ಕ ಇಲ್ಲ. ಕೊನೆಗೆ ಆ ಪೀಪಾಯಿಗಳು ಬರಲಿಲ್ಲ, ನಿಜ. ತಡೆದದ್ದು ಆಯೋಗವಲ್ಲ. ಅದೇ ವರ್ಷ ಸರ್ಕಾರದ ಬೇರೊಂದು ಇಲಾಖೆ ಭೂಮಿಯ ಗುತ್ತಿಗೆ ಒಪ್ಪಲಿಲ್ಲ, ಕಂಪನಿಗಳು 2012ರಲ್ಲಿ ಕೈಬಿಟ್ಟವು.

‘ಅವರೇ ಒಪ್ಪಿ ಸಹಿ ಹಾಕಿದ್ರಲ್ಲಪ್ಪ’ ಅಂತಾರೆ ನಮ್ಮ ಬುದ್ಧಿವಂತರು. ಹೌದು, ಹಾಕಿದರು. ಪೀಪಾಯಿ ಇಡಲು ಯಾರು ಒಪ್ಪುತ್ತೀರಿ, ಯೋಚಿಸುವುದಕ್ಕೇ ಒಂದು ಲಕ್ಷ ಡಾಲರ್ ಕೊಡ್ತೀವಿ ಅಂತ ಅಮೆರಿಕ ಸರ್ಕಾರ 1990ರ ದಶಕದಲ್ಲಿ ಡಂಗುರ ಸಾರಿತು. ಮುಂದೆ ಬಂದವರಲ್ಲಿ ಬಹುಪಾಲು ಬುಡಕಟ್ಟುಗಳೇ. ನ್ಯೂಯಾರ್ಕಿನ ಶ್ರೀಮಂತರ ಬಡಾವಣೆ ಯಾಕೆ ಕೈಯೆತ್ತಲಿಲ್ಲ? ಸತ್ತ ದನ ಹೊರುವುದಕ್ಕೂ ನಮ್ಮ ತಾತಂದಿರು ಒಪ್ಪಿದ್ದರು ಸ್ವಾಮಿ. ಹಸಿದವನ ಹೆಬ್ಬೆಟ್ಟನ್ನು ಒಪ್ಪಿಗೆ ಅನ್ನಬೇಡಿ.

ಒಪ್ಪದವನ ಗತಿ ಏನು? 2021ರಲ್ಲಿ ಟೆಕ್ಸಾಸಿನ ಆಂಡ್ರೂಸ್ ಜಿಲ್ಲೆಯಲ್ಲಿ ಪೀಪಾಯಿ ಇಡಲು ಒಂದು ಖಾಸಗಿ ಕಂಪನಿಗೆ ಆಯೋಗ ಲೈಸೆನ್ಸು ಕೊಟ್ಟಿತು. ಟೆಕ್ಸಾಸ್ ರಾಜ್ಯವೇ ಕೋರ್ಟಿಗೆ ಹೋಯಿತು. 2025ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆರಕ್ಕೆ ಮೂರರಂತೆ ತೀರ್ಪು ಕೊಟ್ಟಿತು. ಲೈಸೆನ್ಸು ಸರಿಯೋ ತಪ್ಪೋ ಅಂತ ಹೇಳಲಿಲ್ಲ. ಆಯೋಗದ ಮುಂದೆ ನಡೆದ ವಿಚಾರಣೆಯಲ್ಲಿ ನೀವು ಪಕ್ಷಗಾರರೇ ಅಲ್ಲ, ಆದ್ದರಿಂದ ಪ್ರಶ್ನೆ ಮಾಡುವ ಹಕ್ಕು ನಿಮಗಿಲ್ಲ ಅಂದಿತು. ಯಾರನ್ನು ಪಕ್ಷಗಾರ ಅಂತ ಒಳಗೆ ಬಿಡಬೇಕು ಅಂತ ಮೊದಲು ನಿರ್ಧರಿಸುವುದೂ ಅದೇ ಆಯೋಗ. ಅಷ್ಟು ದೊಡ್ಡ ರಾಜ್ಯಕ್ಕೇ ಬಾಗಿಲಾಚೆ ನಿಲ್ಲು ಅಂದರೆ ನೂರಿಪ್ಪತ್ತು ಜನರ ಕೇರಿಗೆ ಏನನ್ನುತ್ತಾರೆ? ದೇವಸ್ಥಾನದ ಹೊರಗೆ ನಿಂತವರಿಗೆ ಈ ಬಾಗಿಲಿನ ಗುರುತು ಚೆನ್ನಾಗಿದೆ.

ಈಗ ನಮ್ಮ ಊರಿಗೆ ಬರೋಣ. 2012ರ ನವೆಂಬರಿನಲ್ಲಿ ನಾನು ಇನ್ನೂ ಚಡ್ಡಿ ಹಾಕುವ ಹುಡುಗ. ಟೀ ಅಂಗಡಿ ಮುಂದೆ ದೊಡ್ಡವರು ಪೇಪರು ಹಿಡಿದು ಕೂಗಾಡುತ್ತಿದ್ದರು. ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅಣು ತ್ಯಾಜ್ಯ ಎಲ್ಲಿಡ್ತೀರಿ ಅನ್ನುವ ಮಾತಿಗೆ ಕೆಜಿಎಫ್ ಗಣಿಯ ಹೆಸರು ಬಂದಿತ್ತು. 2001ರಲ್ಲಿ ಬೀಗ ಬಿದ್ದ ಗಣಿ. ಮೂರು ಕಿಲೋಮೀಟರಿಗೂ ಆಳ ಇಳಿದು ಚಿನ್ನ ತೆಗೆದವರಲ್ಲಿ ಹೆಚ್ಚಿನವರು ದಲಿತರು. ಚಿನ್ನ ಯಾರ ಕೊರಳಿಗೆ ಹೋಯಿತೋ ಹೋಯಿತು. ಅವರಿಗೆ ಉಳಿದದ್ದು ಸೈನೈಡ್ ಗುಡ್ಡಗಳು. 1980ರ ದಶಕದಲ್ಲೇ ಆ ಗಣಿಯ ಪಾಳು ಭಾಗದಲ್ಲಿ, ಅಣು ತ್ಯಾಜ್ಯದ ಬಿಸಿಗೆ ಬಂಡೆ ಹೇಗೆ ತಡೆಯುತ್ತದೆ ಅಂತ ತಿಳಿಯಲು ಬಂಡೆ ಕಾಸಿ ನೋಡುವ ಪ್ರಯೋಗ ನಡೆದಿತ್ತು. ತ್ಯಾಜ್ಯ ತಂದಿರಲಿಲ್ಲ, ಬರೀ ಬಿಸಿ. 2012ರಲ್ಲಿ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಅಂತ ಸರ್ಕಾರ ಹೇಳಿತು. ಇಲ್ಲ ಅಂದದ್ದು ಸಂತೋಷ. ಆದರೆ ಇಷ್ಟು ದೊಡ್ಡ ದೇಶದಲ್ಲಿ ಬಾಯಿಗೆ ಮೊದಲು ಬಂದ ಹೆಸರು ಯಾವುದು ಅಂತ ನಾವು ಮರೆಯಬಾರದು.

ನಮ್ಮಲ್ಲಿ ಈ ಇಂಧನವನ್ನು ಸಂಸ್ಕರಿಸಿ ಮತ್ತೆ ಬಳಸುತ್ತೇವೆ, ಉಳಿದದ್ದನ್ನು ಗಾಜಿನಲ್ಲಿ ಕರಗಿಸಿ ಇಡುತ್ತೇವೆ ಅಂತಾರೆ. ಆ ಗಾಜನ್ನೂ ಎಲ್ಲಾದರೂ ಇಡಲೇಬೇಕಲ್ಲ? 1983ರಲ್ಲಿ ಹುಟ್ಟಿದ ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವಾತಂತ್ರ್ಯವೇ ಇಲ್ಲ ಅಂತ 2012ರಲ್ಲಿ ಮಹಾಲೇಖಪಾಲರ ವರದಿ ಬರೆಯಿತು. ನಿಯಮ ಮುರಿದವರಿಗೆ ಆಗ ಇದ್ದ ಗರಿಷ್ಠ ದಂಡ 500 ರೂಪಾಯಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾನೂನು ಮಾಡಿ ಮಂಡಳಿಗೆ ಶಾಸನದ ಬಲ ಕೊಟ್ಟಿದೆ. ಅದೇ ಕಾನೂನು ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಉರಿದು ಮುಗಿದ ಇಂಧನ ಮಾತ್ರ ಕೊನೆಗೆ ಸರ್ಕಾರದ ಪಾಲಿಗೆ. ಕರೆಂಟು ಮಾರುವವನು ಸಾಹುಕಾರ, ಬೂದಿ ಹೊರುವುದು ಸರ್ಕಾರ. ಸರ್ಕಾರ ಬೂದಿಯನ್ನು ಯಾರ ತಲೆ ಮೇಲೆ ಇಳಿಸುತ್ತದೆ ಅಂತ ಕೇರಿಯವರಿಗೆ ಹೇಳಿಕೊಡಬೇಕಾಗಿಲ್ಲ.

‘ನಿಮಗೆ ಕರೆಂಟು ಬೇಡವೇನಯ್ಯಾ?’ ಅಂತ ಕೇಳುತ್ತಾರೆ. ಬೇಕು. ಬೀದಿ ದೀಪದ ಕೆಳಗೆ ಕೂತು ಓದಿ ಡಿಗ್ರಿ ತಗೊಂಡವನು ನಾನು. ಬೆಳಕಿನ ಬೆಲೆ ನನಗೆ ಹೇಳಬೇಡಿ. ಬೆಳಕು ಊರಿಗೆಲ್ಲ ಹಂಚಿದ ಹಾಗೆ ಬೂದಿಯನ್ನೂ ಹಂಚಿ ಅಂತಷ್ಟೆ ನಾನು ಕೇಳುವುದು.

ಪೀಪಾಯಿಗೆ ಕಾನೂನು ಬರೆಯುವವರು ಇನ್ನೂ ಮೂರು ಸಾಲು ಬರೆಯಲಿ. ಒಂದು, ಪೀಪಾಯಿಯ ಪಕ್ಕ ಬದುಕುವವನು ತಾನಾಗಿಯೇ ಪಕ್ಷಗಾರ. ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಅವನ ‘ಬೇಡ’ಕ್ಕೆ ಲೈಸೆನ್ಸು ನಿಲ್ಲಿಸುವ ಬಲ ಇರಬೇಕು. ಎರಡು, ‘ತಾತ್ಕಾಲಿಕ’ ಅಂದರೆ ತಾರೀಕು. ತಾರೀಕು ದಾಟಿದ ಮಾರನೇ ದಿನದಿಂದ ಕಂಪನಿ, ಸರ್ಕಾರ ಇಬ್ಬರೂ ದಂಡ ತೆರಬೇಕು, 500 ರೂಪಾಯಿ ದಂಡವಲ್ಲ. ಮೂರು, ಜಾಗ ಆರಿಸುವ ಮುಂಚೆ ಆ ನೆಲದ ಮೇಲೆ ಈಗಾಗಲೇ ಯಾರ ಯಾರ ಕಸ ಬಿದ್ದಿದೆ ಅಂತ ಲೆಕ್ಕ ತೆಗೆಯಬೇಕು. ಉಂಡವನ ಎಲೆಯನ್ನು ಒಂದೇ ಕೈ ಎಷ್ಟು ತಲೆಮಾರು ಎತ್ತಬೇಕು?

ಇದನ್ನು ಬರೆದು ಮುಗಿಸಿ ಹಿತ್ತಿಲಿಗೆ ಹೋಗಿ ಬಂದೆ. ಕಸದ ಲಾರಿ ಈಗಷ್ಟೆ ಸುರಿದು ಹೋಗಿದೆ. ಪಕ್ಕದ ಮನೆಯ ಹುಡುಗಿ, ಒಂದನೇ ಕ್ಲಾಸು, ಬೋರ್ಡಿನ ಮುಂದೆ ನಿಂತು ಅಕ್ಷರ ಕೂಡಿಸುತ್ತಿದ್ದಳು. ‘ಅಣ್ಣಾ, ತಾತ್ಕಾಲಿಕ ಅಂದ್ರೇನು?’ ಅಂದಳು. ಏನು ಹೇಳಲಿ? ನಮ್ಮಜ್ಜಿ ಕೊಟ್ಟ ಅರ್ಥವನ್ನು ಇವಳಿಗೂ ದಾಟಿಸಲು ನಾನು ತಯಾರಿಲ್ಲ.