ಮುಕ್ತಾಯ ದಾಸ್ತಾನು: ಊಹೆಯೋ, ಎಣಿಕೆಯೋ?

ಮಾರ್ಚ್ ತಿಂಗಳ ಕೊನೆಯ ವಾರ ಬಂದಿತೆಂದರೆ ಶಿವಾಜಿನಗರದಿಂದ ಕೃಷ್ಣರಾಜಪುರದವರೆಗಿನ ಅಂಗಡಿ, ಕಾರ್ಖಾನೆಗಳಲ್ಲಿ ಒಂದು ಸಂಭಾಷಣೆ ತಪ್ಪದೆ ಕೇಳಿಬರುತ್ತದೆ. ವಾರಕ್ಕೆರಡು ದಿನ ಬಂದು ಲೆಕ್ಕ ಬರೆದುಕೊಟ್ಟು ಹೋಗುವ ಅಕೌಂಟೆಂಟ್ ಕೇಳುತ್ತಾರೆ: “ಸಾರ್, ಈ ಸಲ ಕ್ಲೋಸಿಂಗ್ ಸ್ಟಾಕ್ ಎಷ್ಟು ಹಾಕಲಿ?” ಮಾಲೀಕರು ಗಲ್ಲಾದಿಂದ ತಲೆಯೆತ್ತದೆ ಹೇಳುತ್ತಾರೆ: “ಹೋದ ವರ್ಷದ್ದು ನೋಡಿಕೊಂಡು ಹಾಕಿ. ಲಾಭ ಜಾಸ್ತಿ ಕಾಣಬಾರದು, ಬ್ಯಾಂಕಿನವರೂ ಏನೂ ಅನ್ನಬಾರದು, ಅಷ್ಟೆ.” ಅಟ್ಟದ ಮೇಲೆ, ಹಿಂದಿನ ಗೋದಾಮಿನಲ್ಲಿ, ಮೆಟ್ಟಿಲ ಕೆಳಗೆ ಇರುವ ಸರಕನ್ನು ಯಾರೂ ಎಣಿಸಿರುವುದಿಲ್ಲ. ಆದರೂ ಸಂಜೆಯ ವೇಳೆಗೆ ಅಢಾವೆ ಪತ್ರಿಕೆಯ ಎರಡೂ ಬದಿ ಸರಿಹೊಂದಿರುತ್ತದೆ. ಹತ್ತಾರು ಸಾವಿರ ರೂಪಾಯಿ ತೆತ್ತು ಕೊಂಡ ತಂತ್ರಾಂಶವು ಹೀಗೆ ಬರಿಯ ಬಿಲ್ಲು ಬರೆಯುವ ಯಂತ್ರವಾಗಿ ಉಳಿದಿದೆ.

ಈ ಪರಿಸ್ಥಿತಿ ಬೆಂಗಳೂರಿನಲ್ಲಿಯೇ ಇರುವುದು ವಿಪರ್ಯಾಸ. ದೇಶದ ಸಣ್ಣ ವರ್ತಕರು ಹೆಚ್ಚಾಗಿ ಬಳಸುವ ಟ್ಯಾಲಿ ತಂತ್ರಾಂಶ ಹುಟ್ಟಿದ್ದು ಇದೇ ಊರಿನಲ್ಲಿ, ಅದೂ ಒಂದು ವ್ಯಾಪಾರಿ ಮನೆತನದಲ್ಲಿ. ಗಿರಣಿ ಮತ್ತು ಕಾರ್ಖಾನೆಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗಗಳನ್ನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲ. ಅವರ ಮಗ ಭರತ್ ಗೋಯೆಂಕಾ ಅದನ್ನು ಬರೆದುಕೊಟ್ಟರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಎನಿಸಿಕೊಂಡಿತು. ಮೊದಲಿಗೆ ‘ದಿ ಅಕೌಂಟೆಂಟ್’ ಎಂಬ ಹೆಸರಿದ್ದ ಆ ತಂತ್ರಾಂಶ ಮೂಲಭೂತ ಜಮಾಖರ್ಚಿಗಷ್ಟೇ ಸೀಮಿತವಾಗಿತ್ತು. ದಾಸ್ತಾನಿನ ಸೌಲಭ್ಯ ಅನಂತರ ಬಂದಿತು. ಆದರೆ ನಮ್ಮ ಬಹುಪಾಲು ಅಂಗಡಿಗಳು ಇಂದಿಗೂ ಆ ಮೊದಲ ಘಟ್ಟದಲ್ಲಿಯೇ ನಿಂತಿವೆ ಎಂದರೆ ಅತಿಶಯೋಕ್ತಿಯಾಗದು.

ಟ್ಯಾಲಿಯಲ್ಲಿ ‘ಇಂಟಿಗ್ರೇಟ್ ಅಕೌಂಟ್ಸ್ ವಿತ್ ಇನ್ವೆಂಟರಿ’ ಎಂಬ ಒಂದು ಆಯ್ಕೆಯುಂಟು. ಅದಕ್ಕೆ ‘ಯೆಸ್’ ಎಂದರೆ ಖರೀದಿ, ಮಾರಾಟ, ವಾಪಸಾತಿಗಳ ನಮೂದಿನಿಂದ ಹೊರಡುವ ದಾಸ್ತಾನಿನ ಮೌಲ್ಯವೇ ನೇರವಾಗಿ ಅಢಾವೆ ಪತ್ರಿಕೆಗೆ ಬಂದು ಕೂರುತ್ತದೆ. ‘ನೋ’ ಎಂದರೆ ಮುಕ್ತಾಯ ದಾಸ್ತಾನಿನ ಮೊತ್ತವನ್ನು ಕೈಯಿಂದ ತುಂಬಬೇಕು. ಅಕೌಂಟೆಂಟರಲ್ಲಿ ಅನೇಕರು ‘ನೋ’ ಎಂಬುದನ್ನೇ ಇಷ್ಟಪಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಹೆಚ್ಚಿಲ್ಲ. ಸರಕು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ಅಂಗಡಿಯಲ್ಲಿ ಯಾರೂ ಅವರಿಗೆ ತಿಳಿಸದಿರುವಾಗ ಅವರಾದರೂ ಮಾಡುವುದೇನು? ಆದರೆ ಆ ಒಂದು ‘ನೋ’ದೊಳಗೆ ವ್ಯಾಪಾರದ ಅರ್ಧ ಸತ್ಯ ಅಡಗಿಹೋಗುತ್ತದೆ. ಅಂಗಡಿಯ ಬಂಡವಾಳದ ದೊಡ್ಡ ಭಾಗ ರೋಕಡಿಯಲ್ಲಿಯೂ ಇಲ್ಲ, ಬ್ಯಾಂಕಿನಲ್ಲಿಯೂ ಇಲ್ಲ. ಅದು ಅಟ್ಟದ ಮೇಲಿದೆ. ರೋಕಡಿಯಲ್ಲಿ ನೂರು ರೂಪಾಯಿ ಕಡಮೆಯಾದರೆ ರಾತ್ರಿ ಹತ್ತರವರೆಗೆ ಹುಡುಕುವ ಮಾಲೀಕರು, ಅಟ್ಟದಲ್ಲಿ ಐವತ್ತು ಸಾವಿರದ ಸರಕು ಕಾಣೆಯಾದುದನ್ನು ಅರಿಯುವುದೇ ಇಲ್ಲ.

“ಹಾಕಿ ನೋಡಿದೆವು, ತಾಳೆಯಾಗಲಿಲ್ಲ” ಎಂಬುದು ವರ್ತಕರ ಸಾಮಾನ್ಯ ದೂರು. ದೂರು ನಿಜ, ಕಾರಣ ಮಾತ್ರ ತಂತ್ರಾಂಶದಲ್ಲಿಲ್ಲ. ಸರಕು ಸೋಮವಾರ ಬರುತ್ತದೆ, ಅದೇ ದಿನ ಮಾರಾಟದ ಬಿಲ್ಲೂ ಆಗುತ್ತದೆ. ಖರೀದಿಯ ಬಿಲ್ಲು ಮಾತ್ರ ಮೇಜಿನ ಡ್ರಾಯರಿನಲ್ಲಿ ಹದಿನೈದು ದಿನ ಮಲಗಿರುತ್ತದೆ. ಇಲ್ಲದ ಸರಕನ್ನು ಮಾರಿದಂತಾಗಿ ದಾಸ್ತಾನು ಋಣ ಚಿಹ್ನೆಯೊಡನೆ ನಿಲ್ಲುತ್ತದೆ. ತಂತ್ರಾಂಶ ಎಚ್ಚರಿಕೆ ನೀಡುತ್ತದೆ, ಆದರೆ ತಡೆಯುವುದಿಲ್ಲ. ಎಂಟರ್ ಕೀಲಿಯನ್ನು ಒತ್ತಿದರೆ ಮುಂದೆ ಸಾಗುತ್ತದೆ. ಇನ್ನೊಂದು ತೊಡಕು ಅಳತೆಯದು. ಹಲಸೂರಿನ ಪಾತ್ರೆ ಅಂಗಡಿಗೆ ಸರಕು ಬರುವುದು ಕಿಲೋ ಲೆಕ್ಕದಲ್ಲಿ, ಹೋಗುವುದು ಬಿಡಿ ಲೆಕ್ಕದಲ್ಲಿ. ಕಮರ್ಷಿಯಲ್ ರಸ್ತೆಯ ಬಟ್ಟೆಯಂಗಡಿಗೆ ತಾನು ಬರುತ್ತದೆ, ಮೀಟರು ಹೋಗುತ್ತದೆ, ತುಂಡು ಉಳಿಯುತ್ತದೆ. ಒಂದೇ ಬಾಗಿಲ ಕೀಲನ್ನು ಒಬ್ಬ ನೌಕರ ‘4 ಇಂಚು’ ಎಂದೂ ಮತ್ತೊಬ್ಬ ‘100 ಎಂಎಂ’ ಎಂದೂ ಬರೆದರೆ ಕಂಪ್ಯೂಟರಿನ ದೃಷ್ಟಿಯಲ್ಲಿ ಅವು ಎರಡು ಬೇರೆ ಬೇರೆ ಸರಕುಗಳು. ಒಂದರಲ್ಲಿ ರಾಶಿ, ಮತ್ತೊಂದರಲ್ಲಿ ಋಣ! ಪರ್ಯಾಯ ಅಳತೆಯನ್ನು ನಮೂದಿಸುವ ಸೌಲಭ್ಯ ತಂತ್ರಾಂಶದಲ್ಲಿದೆ. ಸರಕಿನ ಹೆಸರುಗಳನ್ನು ಮೊದಲು ಕಾಗದದ ಮೇಲೆ ಒಮ್ಮೆ ನಿಷ್ಕರ್ಷೆ ಮಾಡಿಕೊಳ್ಳುವ ತಾಳ್ಮೆ ಮಾತ್ರ ಮಾಲೀಕರದೇ ಆಗಬೇಕು. ಹೊಸದಾಗಿ ಸೇರಿದ ಹುಡುಗನಿಗೆ ಈ ಕೆಲಸವನ್ನು ಒಪ್ಪಿಸಿದಲ್ಲಿಯೇ ಹತ್ತರಲ್ಲಿ ಒಂಬತ್ತು ಅಂಗಡಿಗಳು ಎಡವಿವೆ.

ದಾಸ್ತಾನಿನ ಲೆಕ್ಕ ಏಕೆ ಬೇಕೆಂಬುದನ್ನು ತೆರಿಗೆ ಅಧಿಕಾರಿಗಿಂತ ಬೆಂಕಿ ಚೆನ್ನಾಗಿ ಕಲಿಸುತ್ತದೆ. 1927ರಲ್ಲಿ ಕಟ್ಟಲಾದ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ 2012ರ ಫೆಬ್ರವರಿಯ ಒಂದು ನಸುಕಿನಲ್ಲಿ ಎದ್ದ ಬೆಂಕಿಗೆ ನೂರಕ್ಕೂ ಹೆಚ್ಚು ಮಳಿಗೆಗಳು ಆಹುತಿಯಾದವು. ಇಂತಹ ಅನಾಹುತದ ಮರುದಿನ ವಿಮಾ ಸಮೀಕ್ಷಕರು ಕೇಳುವ ಮೊದಲ ಪ್ರಶ್ನೆ, ಬೆಂಕಿ ಬಿದ್ದ ಹೊತ್ತಿನಲ್ಲಿ ಒಳಗೆ ಎಷ್ಟು ಸರಕಿತ್ತು ಎಂಬುದು. ಅದನ್ನು ತೋರಿಸುವ ಭಾರ ವರ್ತಕರದು. ದಾಸ್ತಾನು ವಹಿ ಅಂಗಡಿಯೊಂದಿಗೇ ಬೂದಿಯಾಗಿದ್ದರೆ, ಕಂಪ್ಯೂಟರೂ ಅದೇ ಮೇಜಿನ ಮೇಲೆ ಕರಗಿಹೋಗಿದ್ದರೆ, ಉಳಿಯುವುದು ಹಿಂದಿನ ಮಾರ್ಚಿನಲ್ಲಿ ಆದಾಯ ತೆರಿಗೆಗೆ ತೋರಿಸಿದ ಅಂಕಿ ಮಾತ್ರ. ಲಾಭ ಕಡಮೆ ಕಾಣಲೆಂದು ಇಳಿಸಿ ಬರೆದ ಅಂಕಿಯೇ ಆಗ ವರ್ತಕರ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಇದರ ಜತೆಗೆ ಕಡಮೆ ವಿಮೆಯ ಲೆಕ್ಕವೂ ಉಂಟು. ನಲವತ್ತು ಲಕ್ಷದ ಸರಕಿಟ್ಟುಕೊಂಡು ಇಪ್ಪತ್ತು ಲಕ್ಷಕ್ಕೆ ವಿಮೆ ಮಾಡಿಸಿದ ವರ್ತಕರಿಗೆ ಹತ್ತು ಲಕ್ಷದ ನಷ್ಟವಾದರೆ, ಸರಾಸರಿ ಷರತ್ತಿನ ಪ್ರಕಾರ ಕೈಗೆ ಬರುವುದು ಐದು ಲಕ್ಷ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯು ಒಂದೆಡೆ 5 ಕೋಟಿ ರೂಪಾಯಿವರೆಗಿನ ಮೌಲ್ಯವುಳ್ಳ ಉದ್ದಿಮೆಗಳಿಗೆ ಶೇಕಡಾ 15ರವರೆಗಿನ ಕಡಮೆ ವಿಮೆಯನ್ನು ಮನ್ನಿಸುತ್ತದೆ. ಅದಕ್ಕೂ ಮೀರಿದ ಅಂತರವನ್ನಲ್ಲ. ತಿಂಗಳಿಗೊಮ್ಮೆ ದಾಸ್ತಾನಿನ ವರದಿ ನೋಡುವವರಿಗೆ ಯಾವ ಮೊತ್ತಕ್ಕೆ ವಿಮೆ ಮಾಡಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಲೆಕ್ಕದ ಪ್ರತಿಯೊಂದನ್ನು ಅಂಗಡಿಯ ಹೊರಗೆ, ಮನೆಯಲ್ಲಿಯೋ ಬೇರೊಂದು ಕಡೆಯೋ ದಿನವೂ ಇಡುವುದಕ್ಕೆ ಖರ್ಚು ಏನೂ ಇಲ್ಲವೆಂದೇ ಹೇಳಬೇಕು.

ಬ್ಯಾಂಕಿನ ಮಾತನ್ನು ಚಿಕ್ಕದಾಗಿ ಹೇಳಬಹುದು. ಕ್ಯಾಶ್ ಕ್ರೆಡಿಟ್ ಪಡೆದವರು ತಿಂಗಳಿಗೊಮ್ಮೆ ದಾಸ್ತಾನು ವಿವರಣೆ ಸಲ್ಲಿಸಬೇಕು. ದಾಸ್ತಾನು ನಲವತ್ತು ಲಕ್ಷ, ಸರಬರಾಜುದಾರರಿಗೆ ಕೊಡಬೇಕಾದ ಬಾಕಿ ಹನ್ನೆರಡು ಲಕ್ಷ ಇದ್ದು, ಬ್ಯಾಂಕು ಶೇಕಡಾ 25ರ ಮಾರ್ಜಿನ್ ಹಿಡಿಯುವುದಾದರೆ, ಸೆಳೆಯಬಹುದಾದ ಹಣ ಇಪ್ಪತ್ತೊಂದು ಲಕ್ಷ. ಬ್ಯಾಂಕಿಗೆ ಕೊಟ್ಟ ವಿವರಣೆಯಲ್ಲಿ ನಲವತ್ತು, ಅಢಾವೆ ಪತ್ರಿಕೆಯಲ್ಲಿ ಇಪ್ಪತ್ತಾರು ಎಂದಿದ್ದರೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಅಧಿಕಾರಿ ಒಂದು ದಿನ ಬಂದೇ ಬರುತ್ತಾರೆ.

ಪೂರ್ವ ದಿಕ್ಕಿನ ಸಣ್ಣ ಕಾರ್ಖಾನೆಗಳ ಕಥೆ ತುಸು ಬೇರೆ. 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿನಗರದಲ್ಲಿ ತಲೆಯೆತ್ತಿದ ಐ.ಟಿ.ಐ. ಇವುಗಳಿಂದಾಗಿ ಈ ಭಾಗ ಕೈಗಾರಿಕೆಯ ನೆಲವಾಯಿತು. ಕೃಷ್ಣರಾಜಪುರ, ಮಹದೇವಪುರದ ಶೆಡ್ಡುಗಳಲ್ಲಿ ಇಂದಿಗೂ ದೊಡ್ಡ ಕಾರ್ಖಾನೆಯವರು ಕೊಟ್ಟ ಲೋಹದಿಂದ ಬಿಡಿಭಾಗ ಕಡೆದುಕೊಡುವ ಜಾಬ್‌ವರ್ಕ್ ನಡೆಯುತ್ತದೆ. ಇಲ್ಲಿ ಶೆಡ್ಡಿನೊಳಗಿರುವ ಸರಕೆಲ್ಲ ಮಾಲೀಕರದಲ್ಲ. ಮಾಲೀಕರ ಸರಕೆಲ್ಲ ಶೆಡ್ಡಿನೊಳಗಿಲ್ಲ. ಒಂದಿಷ್ಟು ಲೇಪನಕ್ಕೆ ಹೋಗಿದೆ, ಒಂದಿಷ್ಟು ಶಾಖೋಪಚಾರಕ್ಕೆ ಹೋಗಿದೆ, ಚಲನ್ ಎಲ್ಲಿದೆಯೋ ಗೊತ್ತಿಲ್ಲ. ಜಿಎಸ್‌ಟಿ ಕಾಯಿದೆಯ 143ನೆಯ ಕಲಮಿನ ಪ್ರಕಾರ ಜಾಬ್‌ವರ್ಕಿಗೆ ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು. ತಪ್ಪಿದರೆ ಕಳುಹಿಸಿದ ದಿನವೇ ಮಾರಿದಂತೆ ಪರಿಗಣಿಸಲಾಗುತ್ತದೆ. ತಂತ್ರಾಂಶದಲ್ಲಿ ‘ಗೋಡೌನ್’ ಎಂಬುದನ್ನು ಕಟ್ಟಡವೆಂದು ಮಾತ್ರ ತಿಳಿಯಬೇಕಿಲ್ಲ. ಲೇಪನದವರ ಹೆಸರಿನಲ್ಲಿ ಒಂದು, ಸರಕು ಕೊಟ್ಟ ದೊಡ್ಡ ಕಾರ್ಖಾನೆಯ ಹೆಸರಿನಲ್ಲಿ ಮತ್ತೊಂದು ಗೋಡೌನ್ ತೆರೆದು, ನಮ್ಮದು ಅವರಲ್ಲಿ, ಅವರದು ನಮ್ಮಲ್ಲಿ ಎಂದು ಬೇರ್ಪಡಿಸಬಹುದು. ಇಷ್ಟನ್ನು ಮಾಡಿಕೊಂಡ ಉದ್ದಿಮೆದಾರರು ಚೂರು, ತ್ಯಾಜ್ಯಗಳ ತೂಕದ ಬಗ್ಗೆ ದೊಡ್ಡ ಕಾರ್ಖಾನೆಯವರೊಡನೆ ನಡೆಯುವ ವಾಗ್ವಾದದಲ್ಲಿ ಗಟ್ಟಿಯಾಗಿ ನಿಲ್ಲಬಲ್ಲರು.

ಎಣಿಕೆ ಸರಿಯಾದ ಮಾತ್ರಕ್ಕೆ ಮೌಲ್ಯವೂ ಸರಿಯಾಯಿತೆಂದಲ್ಲ. ಮೆಟ್ರೊ ಕಾಮಗಾರಿಗಾಗಿ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯನ್ನು ಅಗೆದ ವರ್ಷಗಳನ್ನು ಅಲ್ಲಿನ ವರ್ತಕರು ಮರೆತಿರಲಾರರು. ಬೈಯಪ್ಪನಹಳ್ಳಿ-ಎಂ.ಜಿ. ರಸ್ತೆ ಮಾರ್ಗದಲ್ಲಿ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು. ಗಿರಾಕಿ ಬಾರದ ರಸ್ತೆಯಲ್ಲಿ ಸರಕು ಹಳತಾಗುತ್ತದೆ. ಸಿದ್ಧ ಉಡುಪಿನಂತಹ ಸರಕಂತೂ ಎರಡೇ ಹಂಗಾಮಿನಲ್ಲಿ ಮುದಿಯಾಗುತ್ತದೆ. ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಮೆಯೋ ಅದನ್ನೇ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಎಂಟುನೂರಕ್ಕೆ ಕೊಂಡ ಉಡುಪಿಗೆ ಐನೂರಕ್ಕಿಂತ ಹೆಚ್ಚು ಬಾರದೆಂದಾದರೆ ಅದರ ಮೌಲ್ಯ ಐನೂರು. ಆರು ತಿಂಗಳಿಂದ ಅಲುಗದ ಸರಕು ಯಾವುದೆಂದು ತಂತ್ರಾಂಶ ಒಂದೇ ಕ್ಷಣದಲ್ಲಿ ತೋರಿಸಬಲ್ಲದು. ಅದರ ಬೆಲೆ ಇಳಿಸುವ ಮನಸ್ಸು ಮಾತ್ರ ವರ್ತಕರಿಗೆ ಬಾರದು, ಕೊಂಡ ಬೆಲೆಯ ಮೇಲಿನ ಮೋಹ ಅಷ್ಟು ಬಲವಾದದ್ದು.

ತೆರಿಗೆಯ ದರ ರಾತ್ರೋರಾತ್ರಿ ಬದಲಾದಾಗಲೂ ಈ ಲೆಕ್ಕವೇ ಕೈಹಿಡಿಯುವುದು. 2025ರ ಸೆಪ್ಟೆಂಬರ್ 22ರಂದು ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹಿಂದಿನ ದಿನದವರೆಗೆ ಶೇಕಡಾ 28 ತೆತ್ತು ತುಂಬಿಟ್ಟ ಸರಕನ್ನು ಮರುದಿನದಿಂದ ಶೇಕಡಾ 18ರಲ್ಲಿ ಮಾರಬೇಕಾಯಿತು. ಕೊಂಡಾಗ ತೆತ್ತ ತೆರಿಗೆಯ ಹುಟ್ಟುವಳಿ ಖಾತೆಯಲ್ಲಿ ಉಳಿಯುತ್ತದೆ, ಆದರೆ ಅದು ಕರಗುವುದು ಸರಕು ಮಾರಾಟವಾದಂತೆ ಮಾತ್ರ. ಆ ಸರಕು ಎಷ್ಟಿದೆ, ಎಷ್ಟು ತಿಂಗಳಲ್ಲಿ ಖಾಲಿಯಾಗುತ್ತದೆ ಎಂದು ಬಲ್ಲವರು ಹೊಸ ಖರೀದಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡರು. ಉಳಿದವರು ಅಂದಾಜಿನ ಮೇಲೆ ನಡೆದರು.

ಕಾನೂನಿನ ಬಿಗಿಯನ್ನೂ ಅರಿತಿರುವುದು ಲೇಸು. ಜಿಎಸ್‌ಟಿ ನಿಯಮ 56ರ ಪ್ರಕಾರ, ರಾಜಿ ತೆರಿಗೆ ಪದ್ಧತಿಯವರನ್ನು ಬಿಟ್ಟು ಉಳಿದ ನೋಂದಾಯಿತ ವರ್ತಕರೆಲ್ಲರೂ ಆರಂಭಿಕ ಶಿಲ್ಕು, ಬಂದದ್ದು, ಹೋದದ್ದು, ಕಳೆದದ್ದು, ಕಳವಾದದ್ದು, ಹಾಳಾದದ್ದು, ಉಚಿತವಾಗಿ ಕೊಟ್ಟದ್ದು ಎಲ್ಲವನ್ನೂ ತೋರಿಸುವ ದಾಸ್ತಾನು ಲೆಕ್ಕ ಇಡಬೇಕು. ಲೆಕ್ಕಕ್ಕೆ ಸಿಗದ ಸರಕನ್ನು ಮಾರಿದಂತೆಯೇ ಎಣಿಸಿ ತೆರಿಗೆ ನಿರ್ಧರಿಸಲು 35ನೆಯ ಕಲಮು ಅಧಿಕಾರ ನೀಡಿದೆ. ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ 2023ರ ಏಪ್ರಿಲ್ 1ರಿಂದ ಇನ್ನೊಂದು ಕಟ್ಟೂ ಬಿದ್ದಿದೆ. ಅವರು ಬಳಸುವ ತಂತ್ರಾಂಶವು ಪ್ರತಿ ತಿದ್ದುಪಡಿಯ ಜಾಡನ್ನು ಉಳಿಸಿಕೊಂಡಿರಬೇಕು. ಮಾರ್ಚಿನಲ್ಲಿ ಕುಳಿತು ಜೂನ್ ತಿಂಗಳ ಅಂಕಿಯನ್ನು ಸದ್ದಿಲ್ಲದೆ ತಿದ್ದುವ ಕಾಲ ಅವರ ಮಟ್ಟಿಗೆ ಮುಗಿಯಿತು.

ಹಾಗಾದರೆ ಎಣಿಸುವವರಾರು? ಇಲ್ಲಿಯೇ ಹೆಚ್ಚಿನ ಪ್ರಯತ್ನಗಳು ಸೋಲುವುದು. ಮಾಲೀಕರು ಈ ಕೆಲಸವನ್ನು ಅಕೌಂಟೆಂಟರಿಗೆ ಒಪ್ಪಿಸುತ್ತಾರೆ, ಅಕೌಂಟೆಂಟರು ಗೋದಾಮನ್ನು ಕಂಡೇ ಇರುವುದಿಲ್ಲ. ಸರಕು ಎಲ್ಲಿದೆ, ಎಷ್ಟಿದೆ ಎಂದು ಬಲ್ಲವನು ಹತ್ತು ವರ್ಷದಿಂದ ಅದನ್ನು ಹೊತ್ತು ಇಳಿಸುವ ಗೋದಾಮಿನ ಆಳು. ಶಿವಾಜಿನಗರದಲ್ಲಿ ಅವನು ಉರ್ದು ಅಥವಾ ತಮಿಳು ಮಾತನಾಡುವವನಾಗಿರಬಹುದು, ಕಂಪ್ಯೂಟರಿನ ಮುಂದೆ ಎಂದೂ ಕುಳಿತಿರಲಾರ. ಅವನ ಕೈಗೆ ಒಂದು ರಟ್ಟಿನ ಚೀಟಿ ಸಾಕು. ಪ್ರತಿ ಕಪಾಟಿಗೂ ಒಂದು ಚೀಟಿ ಕಟ್ಟಿ, ಬಂದದ್ದು, ಹೋದದ್ದು, ಉಳಿದದ್ದು ಎಂಬ ಮೂರು ಅಂಕಿಗಳನ್ನು ಅವನೇ ಬರೆಯಲಿ. ಸಂಜೆ ಅದನ್ನು ತಂತ್ರಾಂಶದೊಂದಿಗೆ ತಾಳೆ ನೋಡಲಿ. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಎಲ್ಲವನ್ನೂ ಎಣಿಸುವುದಕ್ಕಿಂತ, ದಿನಕ್ಕೆ ಹತ್ತು ಬಗೆಯ ಸರಕನ್ನು ಮಾತ್ರ ಎಣಿಸುವುದು ಸುಲಭ. ಬೆಲೆಬಾಳುವ ಸರಕನ್ನು ಹೆಚ್ಚು ಸಲ, ಮೊಳೆ ತಿರುಪುಗಳನ್ನು ಅಪರೂಪಕ್ಕೆ. ವ್ಯತ್ಯಾಸ ಕಂಡಲ್ಲಿ ‘ಫಿಜಿಕಲ್ ಸ್ಟಾಕ್’ ವೋಚರ್ ಹಾಕಿ ಸರಿಪಡಿಸಬಹುದು. ಮೊದಲ ಮೂರು ತಿಂಗಳು ವ್ಯತ್ಯಾಸಗಳು ಬಹಳ ಬರುತ್ತವೆ. ಅದಕ್ಕೆ ಆಳನ್ನು ಗದರಿದರೆ ನಾಲ್ಕನೆಯ ತಿಂಗಳಿಂದ ಅವನು ಕಂಪ್ಯೂಟರಿನ ಅಂಕಿಯನ್ನೇ ನೋಡಿ ಚೀಟಿಯಲ್ಲಿ ಬರೆಯತೊಡಗುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ನಿಜವಾದ ಅಳುಕು ಒಂದೇ: ಸರಿಯಾದ ದಾಸ್ತಾನು ತೋರಿಸಿದರೆ ತೆರಿಗೆ ಹೆಚ್ಚುತ್ತದೆಯಲ್ಲ! ಈ ವರ್ಷ ಐದು ಲಕ್ಷ ಕಡಮೆ ತೋರಿಸಿದ ದಾಸ್ತಾನು ಮುಂದಿನ ವರ್ಷಕ್ಕೆ ಆರಂಭಿಕ ದಾಸ್ತಾನಾಗಿ ಅಷ್ಟೇ ಕಡಮೆಯಾಗಿರುತ್ತದೆ, ಆ ವರ್ಷದ ಲಾಭವನ್ನು ಅಷ್ಟೇ ಏರಿಸುತ್ತದೆ. ಅದನ್ನು ಮುಚ್ಚಲು ಮತ್ತೆ ಕಡಮೆ ತೋರಿಸಬೇಕು. ಹೀಗೆ ತೆರಿಗೆ ಉಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಅಂತರ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಅಂತಹ ಅಂತರವನ್ನು ಹೊತ್ತಿರುವವರು ಅದನ್ನು ತಾವಾಗಿ ತಿದ್ದಲು ಹೋಗದೆ, ಮಾರ್ಚ್ ಬರುವುದಕ್ಕೆ ಮೊದಲೇ ಎಣಿಕೆ ಮುಗಿಸಿ, ನಿಜವಾದ ಅಂಕಿಯೊಡನೆ ಲೆಕ್ಕ ಪರಿಶೋಧಕರ ಮುಂದೆ ಕುಳಿತುಕೊಳ್ಳುವುದು ಉಚಿತ. ದೀಪಾವಳಿಯ ವ್ಯಾಪಾರ ಮುಗಿದು ಗೋದಾಮು ಅರ್ಧ ಖಾಲಿಯಾಗಿರುವ ವಾರಗಳೇ ಅದಕ್ಕೆ ತಕ್ಕ ಸಮಯ, ಅಟ್ಟದಿಂದಲೇ ಆರಂಭಿಸಬಹುದು.